ಹನ್ನೊಂದು ಕುದುರೆ, ಎರಡೂವರೆ ಲಕ್ಷ

ಗುಬ್ಬಿ ತಾಲ್ಲೂಕಿನ ಒಂದು ಅಡಿಕೆ ತೋಟದ ಶೆಡ್ಡು. ಒಂದು ಕಡೆ ತೆಂಗಿನ ಮಟ್ಟೆಯ ರಾಶಿ, ಇನ್ನೊಂದು ಕಡೆ ಕೆಟ್ಟ ಪಂಪ್‌ಸೆಟ್ಟು. ನಡುವೆ ಹೂವಿನ ಬೆಡ್‌ಶೀಟು ಹೊದ್ದು ನಿಂತಿದ್ದವರು ಶ್ರೀಯುತ ಯಮಹಾ ಆರ್‌ಎಕ್ಸ್ 100. ನೋಂದಣಿ ಕೆಎ 06, ಬಣ್ಣ ಕಪ್ಪು, ಈಚೆಗೆ ಹೊಡೆಸಿದ್ದು. ಮೊಬೈಲ್ ಜಾಹೀರಾತಿನಲ್ಲಿ ಅವರ ಬೆಲೆ ಎರಡೂವರೆ ಲಕ್ಷ ರೂಪಾಯಿ, ಚೌಕಾಸಿ ಇಲ್ಲ. ಮುಖ ನೋಡಿ ಮಾತಾಡೋಣವೆಂದು ಬೆಡ್‌ಶೀಟು ಸರಿಸಲು ಹೋದೆ.

ಆರ್‌ಎಕ್ಸ್: ಮುಟ್ಬೇಡಿ ಸ್ವಾಮಿ! ಬೆರಳಿನ ಗುರುತು ಬಿದ್ರೆ ಐದು ಸಾವಿರ ಕಮ್ಮಿ ಆಗ್ತೈತಂತೆ.

ಮೊದಲಿನಿಂದಲೂ ಇಷ್ಟು ಮಡಿಯೇ?

ಎಲ್ಲಿ ಬಂತು! 1992ರಲ್ಲಿ ಈ ಮನೆಗೆ ಬಂದೆ. ಎರಡೂ ಪಕ್ಕ ಹಾಲಿನ ಕ್ಯಾನು, ಟ್ಯಾಂಕಿನ ಮೇಲೆ ಮಗ, ಹಿಂದೆ ಯಜಮಾನ್ತಿ, ಅವರ ತೊಡೆ ಮೇಲೆ ಹಿಂಡಿ ಮೂಟೆ. ಚನ್ನಬಸವೇಶ್ವರನ ಜಾತ್ರೆಗೆ ಐದು ಜನರನ್ನ ಹೊತ್ಕೊಂಡು ಹೋಗಿದ್ದೀನಿ. ಮಳೇಲಿ ತಿಪ್ಪೆ ಪಕ್ಕ ನಿಲ್ಸೋರು, ಆವಾಗ ಯಾವ ಬೆಡ್‌ಶೀಟೂ ಇರ್ಲಿಲ್ಲ. ಆಮೇಲೆ ಹೊಸ ಗಾಡಿ ಬಂತು, ನನ್ನ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತು. ಒಂದಿನ ಗುಜರಿಯವನು ಬಂದ. ಯಜಮಾನ್ತಿ ಸ್ಟೀಲ್ ಕೊಳಗ ಕೇಳಿದ್ರು, ಅವನು ಪ್ಲಾಸ್ಟಿಕ್ ಬಕೆಟ್ಟಿಗಿಂತ ಮೇಲೆ ಏಳಲಿಲ್ಲ. ವ್ಯಾಪಾರ ಮುರೀತು. ನಾನು ಉಳ್ಕೊಂಡಿದ್ದು ಹಾಗೆ.

ಬಕೆಟ್ಟಿನಿಂದ ಎರಡೂವರೆ ಲಕ್ಷಕ್ಕೆ ಏರುವಂಥದ್ದು ನಿಮ್ಮಲ್ಲಿ ಏನಿದೆ?

98 ಸಿಸಿ, 11 ಕುದುರೆ ಶಕ್ತಿ, ಮೈತೂಕ ನೂರು ಕೆಜಿ ಆಸುಪಾಸು. ಗುಟ್ಟೇನಿದ್ರೂ ಆ ಹಗುರ ಮೈಯಲ್ಲಿ. ಆಕ್ಸಿಲರೇಟರ್ ತಿರುವಿದ್ರೆ ಮುಂದಿನ ಚಕ್ರ ನೆಲ ಬಿಡೋದು. 1985ರಿಂದ 1996ರವರೆಗೆ ಎಸ್ಕಾರ್ಟ್ಸ್‌ನವರು ನಮ್ಮನ್ನ ಮಾಡಿದ್ರು. ಹೊಗೆ ನಿಯಮ ಬಿಗಿಯಾಯ್ತು, ಟೂ ಸ್ಟ್ರೋಕಿನ ಕಾಲ ಮುಗೀತು. ಮಾಡೋದು ನಿಂತ ಮೇಲೇ ಕಣ್ರೀ ನಮ್ಮ ಪೂಜೆ ಶುರುವಾಗಿದ್ದು. ತುಮಕೂರಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇತ್ತಲ್ಲ, 1978ರಲ್ಲಿ ಶುರುವಾಗಿದ್ದು? ಅದು ನಡೀತಿದ್ದಾಗ, ಕೀ ಕೊಡೋ ವಾಚು ಯಾಕೆ, ಕ್ವಾರ್ಟ್ಸ್ ಬಂದೈತೆ ಅಂತ ಮೂಗು ಮುರಿದ್ರು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರದವರು ಒಪ್ಪಿಗೆ ಕೊಟ್ರು, ಫ್ಯಾಕ್ಟರಿ ಜಾಗ ಇಸ್ರೋಗೆ ಹೋಯ್ತು. ಈಗ ಅದೇ ಜನ 'ಜನತಾ' ಐತಾ, 'ಪೈಲಟ್' ಐತಾ ಅಂತ ಸಂದಿ ಸಂದಿ ಹುಡುಕ್ತಾರೆ. ಬದುಕಿದ್ದಾಗ ಒಂದೊಂದು ಕೊಂಡಿದ್ರೆ ಫ್ಯಾಕ್ಟರೀನೇ ಉಳೀತಿತ್ತೇನೋ.

ಹಳೆಯದಕ್ಕೆ ಬೆಲೆ ಬರುವ ಮಾತು ಬಂತು; ಅಮೆರಿಕದ ಮಸಲ್ ಕಾರುಗಳ, ಅಂದರೆ ದೊಡ್ಡ ಇಂಜಿನ್ನಿನ ಹಳೆಯ ಕಾರುಗಳ, ಹರಾಜಿನ ಬಗ್ಗೆ ಕೇಳಿದ್ದೀರಾ?

ಯಜಮಾನರ ಮಗ ಇಲ್ಲೇ ಕೂತು ಮೊಬೈಲಲ್ಲಿ ನೋಡ್ತಾನೆ, ಕಿವಿ ಮುಚ್ಕೊಳ್ಳೋಕೆ ನನಗೆ ಕೈಯಿಲ್ಲ. 'ಬುಲಿಟ್' ಸಿನಿಮಾದಲ್ಲಿ ಓಡಿದ 1968ರ ಮಸ್ಟಾಂಗು ಐತಲ್ಲ, ಅದನ್ನ ಒಂದು ಸಂಸಾರ 1974ರಲ್ಲಿ 6,000 ಡಾಲರಿಗೆ ಕೊಂಡಿತ್ತು. ಆ ಮನೆಯಮ್ಮ ಮೇಷ್ಟ್ರು, ಸ್ಕೂಲಿಗೆ ಅದರಲ್ಲೇ ಹೋಗಿಬರೋರು. ಆ ಸಿನಿಮಾದ ಹೀರೊ ಸ್ಟೀವ್ ಮೆಕ್ವೀನೇ ಕಾಗದ ಬರೆದು ಕೇಳಿದ್ರೂ ಕೊಡ್ಲಿಲ್ಲ. 2020ರ ಜನವರೀಲಿ ಫ್ಲಾರಿಡಾದಲ್ಲಿ ಹರಾಜಾಯ್ತು. ಕೂಗು ನಿಂತಿದ್ದು 34 ಲಕ್ಷ ಡಾಲರಿಗೆ, ಕಮಿಷನ್ ಸೇರಿ 37 ಲಕ್ಷದ 40 ಸಾವಿರ. ಆಗಿನ ಲೆಕ್ಕದಲ್ಲಿ 26 ಕೋಟಿ ರೂಪಾಯಿ ಮೇಲೆ.

ನಿಮಗೆ ಹೊಟ್ಟೆಕಿಚ್ಚೇ?

ಅದಕ್ಕೊಂದು ಕತೆ ಐತೆ, ಕೊಟ್ಟೋನು ಕೊಟ್ಟ ಬಿಡಿ. ನನಗೆ ಉರಿಯೋದು ಅದರ ಹಿಂದೆ ಬಂದ ಮೆರವಣಿಗೆ ನೋಡಿ. ಒಂದು ಮಸ್ಟಾಂಗಿಗೆ 26 ಕೋಟಿ ಬಂದ ಮರುದಿನದಿಂದ, ಯಾವ ಸಿನಿಮಾದ ಮುಖಾನೂ ನೋಡದ ಮಸ್ಟಾಂಗುಗಳೆಲ್ಲ ಮೀಸೆ ತಿರುವಿದ್ವು. ಇಲ್ಲೂ ಹಂಗೇ. ಬೆಂಗಳೂರಲ್ಲಿ ಯಾವನೋ ಒಬ್ಬ ಶೋಕಿಗೆ ಒಂದು ಆರ್‌ಎಕ್ಸಿಗೆ ದುಡ್ಡು ಸುರಿದ. ಮಾರನೇ ವಾರ ಗುಬ್ಬೀಲಿ, ಕುಣಿಗಲಲ್ಲಿ, ಸಿರಾದಲ್ಲಿ ಸಗಣಿ ಮೆತ್ಕೊಂಡು ಬಿದ್ದಿದ್ದವೆಲ್ಲ ಅದೇ ರೇಟು ಹೇಳ್ತಿದ್ವು.

ಹೇಳಿದ ರೇಟಿಗೆ ಮಾರಾಟವೂ ಆಗುತ್ತದೆಯೇ?

ಬುಡಕ್ಕೇ ಕೈಹಾಕಿದ್ರಿ. 2021ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 1971ರ ಪ್ಲಿಮತ್ ಹೆಮಿ ಕುಡಾ ಒಂದು ಹರಾಜಿಗೆ ನಿಂತಿತ್ತು. 48 ಲಕ್ಷ ಡಾಲರ್‌ವರೆಗೆ ಕೂಗು ಏರಿತು. ಒಡೆಯ ಒಪ್ಪಲಿಲ್ಲ, ಗಾಡಿ ಮನೆಗೆ ವಾಪಸ್. ಒಂದು ಕಾಸೂ ಕೈ ಬದಲಾಗ್ಲಿಲ್ಲ, ಆದ್ರೂ ಸುದ್ದಿಯಾಗಿದ್ದು ಆ 48 ಲಕ್ಷವೇ! ಒಡೆಯ ಗುಟ್ಟಾಗಿ ಇಟ್ಟ ಕನಿಷ್ಠ ಬೆಲೆ ಮುಟ್ಟೋ ತನಕ ಹರಾಜಿನವರೇ ಅವನ ಪರವಾಗಿ ಕೂಗೋ ಪದ್ಧತೀನೂ ಉಂಟಂತೆ. ಅದೂ ಒಂದು ನಾಟಕವೇ ಅನ್ನಿ. ನಮ್ಮ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಕುರುಕ್ಷೇತ್ರ ಆಡ್ದಾಗ ನಿಜವಾದ ಆನೆ, ಕುದುರೇನೇ ರಂಗಕ್ಕೆ ತರ್ತಿದ್ರು. ಆದ್ರೂ ನಾಟಕ ನೋಡಿದೋರು ಆನೆ ರೇಟು ಕೇಳ್ಕೊಂಡು ಮನೆಗೆ ಹೋಗ್ಲಿಲ್ಲ.

(ಇಲ್ಲಿ ಒಂದು ಅಡ್ಡಿ. ಗಾಡಿ ನೋಡಲು ಬಂದ ಯುವಕನೊಬ್ಬ ಜೇಬಿನಿಂದ ಅಯಸ್ಕಾಂತ ತೆಗೆದು ಟ್ಯಾಂಕಿನ ಮೇಲೆಲ್ಲ ಆಡಿಸಿದ. ಎಡಮಗ್ಗುಲಲ್ಲಿ ಅದು ನಿಲ್ಲದೆ ಜಾರಿ ಬಿತ್ತು. 'ನೆಗ್ಗಿದ ಕಡೆ ಪಟ್ಟಿ ಮೆತ್ತಿದ್ದಾರೆ' ಎಂದು ಗೊಣಗಿದ. ಎರಡೂವರೆ ಜಾಸ್ತಿಯಾಯಿತು, ಎರಡು ಮುಕ್ಕಾಲಾದರೆ ಬೆಂಗಳೂರಿನಲ್ಲಿ ಕೊಡಬಹುದು ಎಂದು ತನಗೆ ತಾನೇ ಲೆಕ್ಕ ಹಾಕುತ್ತ ಹೋದ.)

ಟ್ಯಾಂಕಿನಲ್ಲಿ ಪಟ್ಟಿ ಇದೆಯೇ?

ಮುಂದಿನ ಪ್ರಶ್ನೆ.

ಜಾಹೀರಾತಿನಲ್ಲಿ 'ಪಕ್ಕಾ ಒರಿಜಿನಲ್' ಎಂದಿದೆ.

ಹೆಡ್‌ಲೈಟು ದೆಹಲಿಯದು, ಸೈಲೆನ್ಸರ್ ಕೊಯಮತ್ತೂರಿನದು, ಸೀಟು ತುಮಕೂರು ಬಿ.ಎಚ್. ರಸ್ತೇಲಿ ಹೊಲಿಸಿದ್ದು. ಇಂಜಿನ್ ಬೋರ್ ಎಷ್ಟು ಸಲ ಆಯ್ತೋ ನನಗೇ ನೆನಪಿಲ್ಲ. ಚಾಸಿ ನಂಬರ್ ಮಾತ್ರ ನಂದೇ. ಎಲ್ಲ ಹೊಸದು ಹಾಕಿದ ಮೇಲೇ ಜನ ನನ್ನನ್ನ ಒರಿಜಿನಲ್ ಅಂದಿದ್ದು. ಅದಕ್ಕೆ ಮುಂಚೆ ಲಡಾಸು ಅಂತಿದ್ರು.

ಸರ್ಕಾರ ನಿಮ್ಮನ್ನು ವಿಂಟೇಜ್ ಎಂದು ಒಪ್ಪಿದೆಯೇ?

2021ರ ನಿಯಮದಂಗೆ ಅದಕ್ಕೆ 50 ವರ್ಷ ತುಂಬಬೇಕು, 20,000 ರೂಪಾಯಿ ಕಟ್ಟಬೇಕು, ಆಮೇಲೆ ದಿನಬಳಕೆಗೆ ರಸ್ತೆಗಿಳಿಯಂಗಿಲ್ಲ. ನನಗೆ 50 ತುಂಬೋದು 2042ಕ್ಕೆ. ಅಲ್ಲೀತನಕ ಆರ್‌ಟಿಒ ಲೆಕ್ಕದಲ್ಲಿ ನಾನು ಬರೀ ಹಳೇ ಗಾಡಿ, ಐದೈದು ವರ್ಷಕ್ಕೊಂದು ಸಲ ಹೋಗಿ ಇನ್ನೂ ಬದುಕಿದ್ದೀನಿ ಅಂತ ಮುಖ ತೋರಿಸಬೇಕು.

ದುಬಾರಿ ಪ್ರಾಣಿಗಳೂ ಇವೆಯಲ್ಲ? 2021ರ ಬೆಂಗಳೂರು ಕೃಷಿ ಮೇಳದಲ್ಲಿ ಕೃಷ್ಣ ಎಂಬ ಹಳ್ಳಿಕಾರ್ ಹೋರಿಗೆ ಕೋಟಿ ರೂಪಾಯಿ ಬೆಲೆ ಎಂದು ಸುದ್ದಿಯಾಗಿತ್ತು.

ಕೋಟಿ ಕೊಟ್ಟು ಯಾರು ಹಗ್ಗ ಹಿಡ್ಕೊಂಡು ಹೋದ್ರು ಅನ್ನೋದು ಆಮೇಲಿನ ಮಾತು. ಆದ್ರೆ ಆ ಹೋರಿ ವೀರ್ಯದ ಒಂದೊಂದು ಕಡ್ಡಿಗೆ ಸಾವಿರ ರೂಪಾಯಿ ಅಂತ ಅದೇ ಸುದ್ದೀಲಿತ್ತು. ಅಂದ್ರೆ ಹೋರಿ ದುಡೀತೈತೆ. ಕುಣಿಗಲ್ ಸ್ಟಡ್ ಫಾರ್ಮ್ ತಗೊಳ್ಳಿ, ಟಿಪ್ಪು ಕಾಲದಿಂದ ಕುದುರೆ ಸಾಕಿದ ಜಾಗ. ಅಲ್ಲಿ ಗಂಡು ಕುದುರೆಗೆ ದುಡ್ಡು ಸುರಿದ್ರೆ ಮರಿ ಹುಟ್ತವೆ, ಮರಿ ರೇಸಲ್ಲಿ ಸೋತ್ರೂ ಒಂದು ಲೆಕ್ಕ ಸಿಗ್ತೈತೆ. ನಮ್ಮ ತೋಟದ ತೆಂಗಿನ ಮರ ಕೂಡ ವರ್ಷವಿಡೀ ಕಾಯಿ ಬಿಡ್ತೈತೆ, ತಿಪಟೂರಿಗೆ ಕೊಬ್ಬರಿ ಹೋಗ್ತೈತೆ. ನನ್ನೊಳಗೆ 11 ಕುದುರೆ ಇದ್ರೂ ಒಂದೂ ಗಬ್ಬ ಆಗಂಗಿಲ್ಲ. ಹಾಲಿನ ಕ್ಯಾನು ಹೊರ್ತಿದ್ದಾಗ ಮನೆಗೆ ಕಾಸು ತಂದೆ. ಈಗ ನನ್ನಿಂದ ಕಾಸು ಹುಟ್ಟಬೇಕಾದ್ರೆ ನನ್ನನ್ನ ಇನ್ನೂ ಜಾಸ್ತಿಗೆ ಕೊಳ್ಳೋನು ಒಬ್ಬ ಬರಬೇಕು, ಅವನಿಗೆ ಕಾಸು ಹುಟ್ಟೋಕೆ ಅವನಿಗಿಂತ ದೊಡ್ಡೋನು ಇನ್ನೊಬ್ಬ.

ಆ ದೊಡ್ಡವರು ಯಾರು?

ಐವತ್ತರ ಆಸುಪಾಸಿನೋರು. ತುಮಕೂರಲ್ಲಿ ಓದಿ ಬೆಂಗಳೂರು ಸೇರಿದೋರು, ಕೆಲವರು ಡಾಲರ್ ನೋಡಿದೋರು. ನನ್ನ ಮೇಲೆ ಪ್ರೀತಿ ಅಂತಾರೆ. ಸುಳ್ಳು! ಕಾಲೇಜಿನಲ್ಲಿ ಪಕ್ಕದ ಬೆಂಚಿನ ಹುಡುಗನ ಹತ್ರ ಆರ್‌ಎಕ್ಸ್ ಇತ್ತು, ಇವರು ಕೆಂಪು ಬಸ್ಸಿಗೆ ಕಾಯೋರು. ಅವನ ಮೇಲಿನ ಸೇಡು ಮೂವತ್ತು ವರ್ಷ ಆದ್ಮೇಲೆ ಈಗ ತೀರಿಸ್ಕೊಳ್ತಾವ್ರೆ. ಅಮೆರಿಕದಲ್ಲೂ ಇದೇ ಕತೆ ಇರ್ಬೇಕು, ಅಲ್ಲಿ ಬೆಂಚು ದೊಡ್ಡದು, ಅಷ್ಟೆ. ಹೋದ ತಿಂಗಳು ಒಬ್ರು ಮಗಳನ್ನ ಕರ್ಕೊಂಡು ಬಂದ್ರು. ಕಿಕ್ ಹೊಡೆದು ಆ ಸದ್ದಿಗೆ ಕಣ್ಣುಮುಚ್ಚಿ ನಿಂತ್ಕೊಂಡ್ರು. ಮಗಳು ದುಪಟ್ಟಾದಲ್ಲಿ ಮೂಗು ಮುಚ್ಕೊಂಡು ಕಾರಲ್ಲಿ ಹೋಗಿ ಕೂತ್ಲು. ನಾಳೆ ನನ್ನನ್ನ ಕೊಳ್ಳಬೇಕಾದೋಳು ಅವಳೇ ತಾನೆ?

ಹಾಗಾದರೆ ಬೆಲೆ ಗೊತ್ತುಮಾಡುವ ಸರಿಯಾದ ದಾರಿ ಯಾವುದು?

ಸಿದ್ಧಗಂಗೆ ದನಗಳ ಜಾತ್ರೆ ನೋಡಿದ್ದೀರಲ್ಲ. ದಲ್ಲಾಳಿ ಟವೆಲ್ ಹಾಸ್ತಾನೆ, ಅದರ ಕೆಳಗೆ ಕೈಹಿಡಿದು ಬೆರಳು ಒತ್ತೋದು. ಕೊಡೋನಿಗೂ ತಗೊಳ್ಳೋನಿಗೂ ಬಿಟ್ಟು ಪಕ್ಕದೋನಿಗೆ ಗೊತ್ತಾಗಂಗಿಲ್ಲ. ಅವನ ಎತ್ತಿನ ರೇಟು ಕೇಳಿ ನನ್ನ ಎತ್ತು ಕೊಬ್ಬಂಗಿಲ್ಲ. ಹಲ್ಲು ನೋಡು, ಸುಳಿ ನೋಡು, ನಡಿಗೆ ನೋಡು, ಬೆರಳು ಒತ್ತು. ಆ ಅಮೆರಿಕದೋರಿಗೆ ಒಂದು ಸಾವಿರ ಟವೆಲ್ ಕಳಿಸಬೇಕು.

ಕೊನೆಗೊಂದು ಮಾತು. ಯಜಮಾನರು ಹೇಳುವುದು ಬಿಡಿ, ನಿಮ್ಮ ಲೆಕ್ಕದಲ್ಲಿ ನಿಮ್ಮ ನಿಜವಾದ ಬೆಲೆ ಎಷ್ಟು?

ಹಂಗೆಲ್ಲ ಬಾಯಲ್ಲಿ ಹೇಳಂಗಿಲ್ಲ. ಕ್ಲಚ್ ಹಿಡಿ ಮೇಲೆ ಟವೆಲ್ ಹಾಕಿ, ಒಳಗೆ ಕೈಯಿಡಿ.

(ನನ್ನ ಬಳಿ ಕರವಸ್ತ್ರ ಮಾತ್ರ ಇತ್ತು. ಅದನ್ನೇ ಬಿಡಿಸಿ ಹಾಕಿದೆ.)

ಇದು ಸಾಲಲ್ಲ ಸ್ವಾಮಿ. ಬೆಡ್‌ಶೀಟೇ ಎಳ್ಕೊಳ್ಳಿ.