ದ್ವಾರಸಮುದ್ರ ಕೆಂಪಾದ ಕಥೆ

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ಪಟ್ಟಿ ಸೇರಿದ್ದೇ ತಡ, ಆ ಕಡೆ ನಾಲ್ಕು ಗುಂಟೆ ಇರುವವರಿಗೂ ಹೋಂಸ್ಟೇ ಕನಸು ಬೀಳತೊಡಗಿತು. ಹಾಗೆ ಕನಸು ಬಿದ್ದ ಗೌಡರೊಬ್ಬರು ಹಳೇಬೀಡಿನ ಕೆರೆ ಪಕ್ಕದ ತೆಂಗಿನ ತೋಟಕ್ಕೆ ನಕ್ಷೆ ಬರೆಸಲು ನನ್ನನ್ನು ಹುಡುಕಿಕೊಂಡು ಬಂದರು. ಅರಸೀಕೆರೆಯ ಕೊಬ್ಬರಿ ಮಂಡಿಗಳ ನಡುವೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ಬಲ್ಲವನೆಂಬ ಗತ್ತು ನನ್ನದು.

ನಕ್ಷೆಯ ಅಡಿಗೆ ಉಪಗ್ರಹ ಚಿತ್ರ ಹಾಸಬೇಕಿತ್ತು. ನನ್ನ ಕಂಪ್ಯೂಟರಿಗೆ ವಯಸ್ಸಾಗಿದೆ, ದೊಡ್ಡ ಚಿತ್ರ ಕಂಡರೆ ಏದುಸಿರು ಬಿಡುತ್ತದೆ. ಅದಕ್ಕೇ ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಚಿತ್ರವನ್ನು 256 ಬಣ್ಣಕ್ಕೆ ಇಳಿಸಿದೆ. ಇಂಥ ಚಿತ್ರದ ಚುಕ್ಕೆಗಳಲ್ಲಿ ಬಣ್ಣವೇ ಇರುವುದಿಲ್ಲ, 0ಯಿಂದ 255ರೊಳಗಿನ ಒಂದು ನಂಬರ್ ಇರುತ್ತದೆ, ಅಷ್ಟೇ. ಯಾವ ನಂಬರಿಗೆ ಯಾವ ಬಣ್ಣ ಎಂಬುದು ಬೇರೆ ಪಟ್ಟಿಯಲ್ಲಿ. ಅದೇ ಕಲರ್ ಮ್ಯಾಪ್. ಸರ್ವೆ ನಂಬರ್ ಇದ್ದಲ್ಲೇ ಇದ್ದು ಪಹಣಿಯಲ್ಲಿ ಹೆಸರು ಬದಲಾದ ಹಾಗೆ, ಪಟ್ಟಿ ತಿದ್ದಿದರೆ ಆ ನಂಬರಿನ ಚುಕ್ಕೆಗಳೆಲ್ಲ ಒಟ್ಟಿಗೇ ಬಣ್ಣ ಬದಲಿಸುತ್ತವೆ.

ಇಷ್ಟು ತಿಳಿದವನು ಸುಮ್ಮನಿರಬೇಕಿತ್ತು. ತೋಟದ ಹಸಿರಿನಲ್ಲಿ ನನ್ನ ಹಸಿರು ಗೆರೆ ಕಾಣುತ್ತಿರಲಿಲ್ಲ. ಗೆರೆಯ ಬಣ್ಣ ಬದಲಿಸಿದ್ದರೆ ಮುಗಿಯುತ್ತಿತ್ತು. ಆದರೆ ಪಂಡಿತನಲ್ಲವೆ, ಪಟ್ಟಿಗೇ ಕೈ ಹಾಕಿದೆ. ತಿಳಿಹಸಿರನ್ನು ಕಂದು ಮಾಡಿದೆ, ಕಡುಹಸಿರಿಗೆ ಕೆಂಪು ಕೊಟ್ಟೆ. 256ಕ್ಕೆ ಇಳಿಸುವಾಗ ತೆಂಗಿನ ನೆರಳೂ ಕೆರೆಯ ಪಾಚಿನೀರೂ ಒಂದೇ ನಂಬರಿಗೆ ಬಿದ್ದಿದ್ದವು. ಹಳೇಬೀಡಿನ, ಅಂದರೆ ಹೊಯ್ಸಳರ ದ್ವಾರಸಮುದ್ರದ, ಕೆರೆ ಓಕುಳಿಯ ಹಂಡೆಯಾಯಿತು.

ಸರಿಯಾಗಿ ಆಗಲೇ ಗೌಡರು ಒಳಗೆ ಬಂದರು.

"ಇದೇನ್ ಸಾರ್, ತೋಟಕ್ಕೆ ಕಪ್ಪುತಲೆ ಹುಳ ಬಿದ್ದೈತಾ? ನಿನ್ನೆ ಚೆನ್ನಾಗೇ ಇತ್ತಲ್ಲ!"

"ಕಲರ್ ಮ್ಯಾಪ್ ಗೌಡ್ರೆ..."

"ಮ್ಯಾಪ್ ಆಮೇಲೆ ನೋಡಾನ. ಔಷಧಿ ಏನ್ ಹೊಡೀಬೇಕು ಹೇಳಿ."

ನಾನು ಬಾಯಿ ತೆರೆಯುವಷ್ಟರಲ್ಲಿ ತೋಟದಾಳಿಗೆ ಫೋನ್ ಹೋಯಿತು. ಸ್ಪೀಕರಿನಲ್ಲಿ ಉತ್ತರ ಬಂತು: "ಗರಿಯೆಲ್ಲ ಹಸ್ರಾಗೇ ಅವೆ ಗೌಡ್ರೆ. ಕೆರೇನೂ ಸರಿಯಾಗೈತೆ. ನಿಮ್ಗೇ ಪಿತ್ತ ಏರೈತೇನೋ."

ಗೌಡರು ಫೋನ್ ಇಟ್ಟು ನನ್ನ ಮುಖ ನೋಡಿದರು. ಪಿತ್ತ ಯಾರಿಗೆ ಏರಿದೆಯೆಂದು ಅವರಿಗೆ ಗೊತ್ತಾಗಿತ್ತು.

ಮಾನ ಉಳಿಸಿಕೊಳ್ಳಲು ಆಟೋಕ್ಯಾಡಿನ ಮೊನೊಕ್ರೋಮ್ ಪ್ಲಾಟ್ ಸ್ಟೈಲ್ ಹಾಕಿ ಪ್ರಿಂಟ್ ಕೊಟ್ಟೆ, ಎಲ್ಲವೂ ಕಪ್ಪು-ಬಿಳುಪಾಗಲೆಂದು. ಅದರ ಅಧಿಕಾರ ಗೆರೆಗಳ ಮೇಲೆ ಮಾತ್ರ, ಬಣ್ಣದ ಚಿತ್ರ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಎ1 ಹಾಳೆಯ ತುಂಬ ಕೆಂಪು ಕೆರೆ ಹರಡಿಕೊಂಡು ಹೊರಬಂತು. ಶಾಯಿಯ ದುಡ್ಡು ನನ್ನ ಜೇಬಿನದು.

ನಕ್ಷೆ ಬರೆಯುವ ಗೆಳೆಯರಲ್ಲಿ ವಿನಂತಿ: ಅಡಿಯ ಚಿತ್ರ ಕಣ್ಣಿಗೆ ಹೊಡೆದರೆ ಆಟೋಕ್ಯಾಡಿನ ಇಮೇಜ್ ಅಡ್ಜಸ್ಟ್‌ನಲ್ಲಿ ಫೇಡ್ ಏರಿಸಿ, ಗೆರೆಗೆ ಬೇರೆ ಬಣ್ಣ ಕೊಡಿ. ಪಟ್ಟಿ ತಿದ್ದಲೇಬೇಕೆಂಬ ಚಟವಿದ್ದರೆ ಮೂಲ ಚಿತ್ರದ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಿ, ಕಚೇರಿಯ ಬಾಗಿಲಿಗೆ ಚಿಲಕ ಹಾಕಿಕೊಳ್ಳಿ.