ಸಿಮೆಂಟಿನ ಎತ್ತು

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರರ ಕಲ್ಪನೆಯಿಂದ ಮೂಡಿದ ಉತ್ಸವ ರಾಕ್ ಗಾರ್ಡನ್ ಎಂಬ ಶಿಲ್ಪಗ್ರಾಮವನ್ನು ಅದು ತೆರೆದ ಹೊಸತರಲ್ಲಿ ನೋಡಲೆಂದು, ಕೊಟ್ಟಿಗೆಯ ಜೀವಂತ ಎತ್ತುಗಳನ್ನು ನೆರೆಯವನಿಗೆ ಒಪ್ಪಿಸಿ, ಮಸ್ಕಿ ಮಗ್ಗುಲಿನ ವಳಕಮದಿನ್ನಿಯಿಂದ ಹೊರಟುಬಂದ ಮಾವ-ಅಳಿಯಂದಿರು ಸಿಮೆಂಟಿನ ಎತ್ತುಗಳೆದುರು ವಿಸ್ಮಯಮೂಕರಾಗಿ ನಿಂತರು.

"ಮಾವ, ಗಂಗೆದೊಗಲು ನೋಡ್ರಿ, ಮಡಿಕಿ ಮಡಿಕಿ ಹೆಂಗ ಇಳಿಬಿಟ್ಟಾರ!"

"ಮೇವು ಬ್ಯಾಡ, ನೀರು ಬ್ಯಾಡ, ಇಂಥ ಜೋಡಿ ಇದ್ರ ಸಾಲನೇ ಇರ್ತಿದ್ದಿಲ್ಲಪ್ಪ."

"ಉಳೂದು?"

"ಅದನ್ನ ಟ್ರ್ಯಾಕ್ಟರ್ ಮಾಡ್ತೈತಿ ಬಿಡು."

"ಮಸ್ಕ್ಯಾಗ ಅಶೋಕನ ಶಾಸನ ಐತಂತಲ್ಲ, ನೋಡೀರೇನ್ರಿ?"

"ಅದು ನಮ್ಮ ಮಗ್ಗಲದಾಗ ಐತಿ, ನೋಡೂದೇನು!"

1915ರಲ್ಲಿ ಬೆಳಕಿಗೆ ಬಂದು, ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಜಗತ್ತಿಗೆ ಸಾರಿದ ಆ ಬಂಡೆಗಿರುವ ದೋಷವೆಂದರೆ ಅದು ಅಪ್ಪಟ ಕಲ್ಲಾಗಿರುವುದು, ಮೇಲಾಗಿ ಸಮೀಪದಲ್ಲಿರುವುದು.