ಮಸ್ಕಿ ಬಸ್‌ಸ್ಟ್ಯಾಂಡಿನಾಗ ಕೂಸಿನ ಸರದಿ

(ಲಿಂಗಸುಗೂರಿಗೂ ಸಿಂಧನೂರಿಗೂ ನಡುವಿನ ಮಸ್ಕಿ ಬಸ್ ನಿಲ್ದಾಣ. ಇಬ್ಬರು ಬೀಗತಿಯರು. ಒಂದೂವರೆ ವರ್ಷದ ಮೊಮ್ಮಗ ಒಬ್ಬರ ಬಗಲಿನಿಂದ ಇನ್ನೊಬ್ಬರ ಬಗಲಿಗೆ ಹೋಗುವ ದಿನ. ಕೂಸಿನ ತಾಯಿ ಪಿಎಚ್‌ಡಿ ಮಾಡುತ್ತ ದೂರದ ಹಾಸ್ಟೆಲಿನಲ್ಲಿದ್ದಾಳೆ. ತಂದೆ ಸಿಂಧನೂರಿನ ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಸುಗ್ಗಿ ಬಂದರೆ ಅವನು ಮನೆಗೆ ಬರುವುದು ಮಲಗಲಿಕ್ಕೆ ಮಾತ್ರ.)

ಸಿಂಧನೂರಾಕಿ: ಬರ್ರಿ ಬೀಗರ. ಕುಂತು ಕುಂತು ಸಾಕಾತು. ಕೊಡ್ರಿಲ್ಲೆ ನಮ್ಮ ಸಾಹೇಬನ್ನ. ಅಯ್ಯ, ಸೊರಗ್ಯಾನಲ್ರಿ!

ಲಿಂಗಸುಗೂರಾಕಿ: ಅಕ್ಕಾರ, ಹೋದ ಸರ್ತಿ ನೀವು ಕೊಟ್ಟಾಗ ನಾನೂ ಇದ ಮಾತು ಅಂದಿದ್ದೆ. ಇಬ್ಬರದೂ ಖರೆ ಆಗಿದ್ರ ಈ ಹುಡುಗ ಇಷ್ಟೊತ್ತಿಗೆ ಕಣ್ಣಿಗೇ ಕಾಣಬಾರದಿತ್ತು. ಹಿಡೀರಿ. ಇದು ತಾಯಿ ಕಾರ್ಡು, ಇದು ಬಾಟ್ಲಿ, ಇದು ರಾಗಿ ಹಿಟ್ಟು, ಇದು ರಜಿಸ್ಟರು.

ಸಿಂಧನೂರಾಕಿ: ರಜಿಸ್ಟರ್ ಏನ್ರಿ ಮತ್ತ?

ಲಿಂಗಸುಗೂರಾಕಿ: ನಿಮ್ಮ ಸೊಸಿ ಮಾಡಿದ್ದು. ಎಷ್ಟಕ್ಕ ಮಲಗಿದ, ಎಷ್ಟಕ್ಕ ಎದ್ದ, ಏನು ತಿಂದ, ಎಷ್ಟು ಉಗುಳಿದ, ಎಲ್ಲಾದಕ್ಕೂ ಗೆರಿ ಹೊಡದು ಕೊಟ್ಟಾಳ. ನಾ 'ಚೊಲೋ ಉಂಡಾನ' ಅಂತ ಬರದೆ. ಫೋಟೊ ನೋಡಿ ಫೋನ್ ಹಚ್ಚಿದ್ಲು. 'ಚೊಲೋ ಅಂದ್ರ ಎಷ್ಟು ಚಮಚಿ? ಆಧಾರ ಬೇಕವ್ವ' ಅಂದ್ಲು.

ಸಿಂಧನೂರಾಕಿ: ಗೈಡ್ ಅಕಿಗೆ ಬೈದಿದ್ದನ್ನ ಅಕಿ ನಿಮಗ ದಾಟಿಸ್ಯಾಳ, ತಗೋರಿ. ಅಲ್ರಿ, ಅಷ್ಟು ದೊಡ್ಡ ಯೂನಿವರ್ಸಿಟಿ. ಗೇಟಿನಿಂದ ಒಳಗ ಹೋಗಾಕ ಆಟೋ ಬೇಕಂತ. ಒಂದು ತೊಟ್ಲಾ ಕಟ್ಟಾಕ ಜಾಗ ಇಲ್ಲೇನು ಅಲ್ಲಿ?

ಲಿಂಗಸುಗೂರಾಕಿ: ಕೇಳ್ಯಾಳ. ಹಾಸ್ಟೆಲಿನಾಗ ಕೂಸು ಇಟಗೊಳ್ಳಂಗಿಲ್ಲಂತ. ನೋಡಾಕ ಬಂದ ಗೆಸ್ಟ್ ಅಂತ ಬರಸ್ರಿ, ಆದ್ರ ಸಂಜಿ ಆರರೊಳಗ ಹೊರಗ ಹೋಗಬೇಕು ಅಂದ್ರಂತ.

ಸಿಂಧನೂರಾಕಿ: ಒಬ್ಬನ ಹೆಂಗ ಹೋಗತಾನ್ರಿ, ಇನ್ನಾ ಚಡ್ಡಿ ಹಾಕ್ಕೊಳ್ಳಾಕ ಬರೂದಿಲ್ಲ ಅವಗ!

ಲಿಂಗಸುಗೂರಾಕಿ: ದಿಲ್ಲ್ಯಾಗ ಜೆಎನ್‌ಯು ಅಂತ ಐತಲ್ರಿ, ಅಲ್ಲಿ ಮದುವಿ ಆದ ಪಿಎಚ್‌ಡಿ ಹುಡುಗ್ರಿಗೆ ಅಂತ ಬ್ಯಾರೇನ ಹಾಸ್ಟೆಲ್ ಐತಂತ. ಮಹಾನದಿ ಅಂತ ಹೆಸರು.

ಸಿಂಧನೂರಾಕಿ: ಅವರಿಗೆ ಮಹಾನದಿ. ನಮಗ ಎಡದಂಡಿ ಕಾಲುವಿ, ಅದೂ ಸರದಿ ಮ್ಯಾಲ. ಈ ಕೂಸಿನ ಹಣೇಬಾರಾನೂ ಅದ ನೋಡ್ರಿ. ಗದ್ದಿಗೆ ನೀರು ಬಿಡುವಾಗ ನಾವು ಸಿಂಧನೂರಿನೋರು ಮುಂದ, ಕೂಸು ಬಿಡುವಾಗ ನಾನ ಕೊನಿ ಭಾಗದ ರೈತಳು.

ಲಿಂಗಸುಗೂರಾಕಿ: ರಜಾ ಇಲ್ಲ ಅನ್ನಂಗಿಲ್ಲ ಅಕ್ಕಾರ. ಯುಜಿಸಿಯವರು ಬರದಾರ. ಪಿಎಚ್‌ಡಿ ಮಾಡೋ ಹೆಣ್ಮಕ್ಕಳಿಗೆ ಹೆರಿಗಿಗೆ, ಕೂಸಿನ ಆರೈಕಿಗೆ ಅಂತ 240 ದಿನದ ಮಟ. ಪೂರಾ ಪಿಎಚ್‌ಡಿಗೆ ಸೇರಿ ಅಷ್ಟ.

ಸಿಂಧನೂರಾಕಿ: ಎರಡು ನೂರಾ ನಲವತ್ತೊಂದನೇ ದಿನಕ್ಕ ಕೂಸು ತಾನ ಎದ್ದು ಒಲಿ ಹಚ್ಚತೈತೇನು?

ಲಿಂಗಸುಗೂರಾಕಿ: 2022ರ ನಿಯಮದಾಗ ಇನ್ನೊಂದೈತಿ. ಹೆಣ್ಮಕ್ಕಳಿಗೆ ಮುಗಿಸಾಕ ಎರಡು ವರ್ಷ ಹೆಚ್ಚು ಕೊಡಬಹುದಂತ. ಎಲ್ಲಾ ಕೂಡಿ ಹತ್ತು ವರ್ಷ ದಾಟಬಾರದು.

ಸಿಂಧನೂರಾಕಿ: ಹತ್ತು ವರ್ಷ! ರಿಯಾಯ್ತಿ ಅಕಿಗೆ, ಡ್ಯೂಟಿ ನಮಗ! ಅಷ್ಟರಾಗ ಇಂವ ಆರನೇತ್ತಕ್ಕ ಬಂದು ಮೊರಾರ್ಜಿ ಹಾಸ್ಟೆಲಿಗೆ ಹೋಗಿರ್ತಾನ. ತಾಯೂ ಹಾಸ್ಟೆಲಿನಾಗ, ಮಗನೂ ಹಾಸ್ಟೆಲಿನಾಗ.

ಲಿಂಗಸುಗೂರಾಕಿ: ಐವತ್ತು ಮಂದಿ ನೌಕರರು ಇರೋ ಕಡೆ ಕೂಸು ನೋಡ್ಕೊಳ್ಳೋ ಕೋಲಿ ಇರಬೇಕು ಅಂತ 2017ರಾಗ ಕಾನೂನು ತಂದಾರ. ನಿಮ್ಮ ಸೊಸಿ ಅದನ್ನೂ ತಗೊಂಡು ಹೋಗಿದ್ಲು. 'ನೀ ನೌಕರಳಲ್ಲ, ವಿದ್ಯಾರ್ಥಿ' ಅಂದು ಕಳಿಸಿದ್ರು. ಮರುದಿನ ಸೆಮಿನಾರು. ಅವತ್ತು ಕುರ್ಚಿ ಹಾಕಾಕ, ಹೂವಿನ ಹಾರ ತರಾಕ ಅಕಿನ ಬೇಕಾಗಿದ್ಲು.

ಸಿಂಧನೂರಾಕಿ: ನಮ್ಮ ಓಣಿ ಸೊಸಿ ಒಬ್ಬಾಕಿ ಉದ್ಯೋಗ ಖಾತ್ರಿ ಕೆಲಸಕ್ಕ ಹೋಗತಿದ್ಲು, ತವರೂರಾಗ. ಪಂಚಾಯ್ತಿಯವರು ಕೂಸಿನ ಮನಿ ಮಾಡಿ, ಕೂಸು ನೋಡಾಕ ಹೆಣ್ಮಕ್ಕಳನ್ನ ಇಟ್ಟಿದ್ರು. ಇಕಿ ಬುಟ್ಟಿ ಹೊರಾಕ ಹೋದ್ರ ಕೂಸು ಅಲ್ಲಿ ಆಡ್ಕೋತ ಇರತಿತ್ತು. ಹಂಗಾದ್ರ ನಮ್ಮಾಕಿ ಪಿಎಚ್‌ಡಿ ಬದಲಿ ಜಾಬ್ ಕಾರ್ಡ್ ಮಾಡಿಸಿದ್ರ ಚೊಲೋ ಆಗತಿತ್ತು ನೋಡ್ರಿ.

ಲಿಂಗಸುಗೂರಾಕಿ: ಹಂಗ ಅಂದ್ರ ಅಕಿ ಅಳತಾಳ. ಬ್ಯಾಡ.

ಸಿಂಧನೂರಾಕಿ: ರೊಕ್ಕರ ಬರತೈತೇನ್ರಿ ಅಕಿಗೆ?

ಲಿಂಗಸುಗೂರಾಕಿ: ಜೆಆರ್‌ಎಫ್ ಆದೋರಿಗೆ ತಿಂಗಳಿಗೆ 37,000. ಇಕಿಗೆ ನೆಟ್ ಆತು, ಜೆಆರ್‌ಎಫ್ ಸ್ವಲ್ಪದರಾಗ ತಪ್ಪಿತು.

ಸಿಂಧನೂರಾಕಿ: ಎಲ್ಲಾರದೂ ಸ್ವಲ್ಪದರಾಗನ ತಪ್ಪಿರತೈತಿ. ನಿಮ್ಮ ಅಳಿಯಂದು ಪಿಎಸ್‌ಐ ಸ್ವಲ್ಪದರಾಗ ತಪ್ಪಿತ್ತು.

ಲಿಂಗಸುಗೂರಾಕಿ: ಸ್ಕಾಲರ್‌ಶಿಪ್ ಅರ್ಜಿ ಹಾಕಾಕ ಕುಂತ್ರ ಸೈಬರ್ ಸೆಂಟರಿನ ಹುಡುಗ ಕೇಳಿದ, 'ಆದಾಯ ಸರ್ಟಿಫಿಕೇಟು ಅಪ್ಪಂದೋ, ಗಂಡಂದೋ?' ಇಬ್ಬರದೂ ಕೂಡಿಸಿದ್ರೂ ನಿನ್ನ ಅಂಗಡಿ ಬಾಡಿಗಿ ಆಗಂಗಿಲ್ಲೋ ತಮ್ಮಾ ಅಂದೆ. ಕೂಸು ಹೊತಗೊಂಡು ತಿರುಗೋರ ಸರ್ಟಿಫಿಕೇಟು ಮಾತ್ರ ಯಾರೂ ಕೇಳಲಿಲ್ಲ.

ಸಿಂಧನೂರಾಕಿ: ನಮ್ಮದೇನೈತಿ, ಜೀರೋ ಟಿಕೆಟ್! 2023ರ ಜೂನ್‌ದಾಗ ಶಕ್ತಿ ಚಾಲೂ ಆತು, ಅದಕ್ಕ ಈ ಪಿಎಚ್‌ಡಿ ನಡದೈತಿ. ಇಲ್ಲಂದ್ರ ನಮ್ಮ ಮಸ್ಕಿ ಖರ್ಚು ಯಾವ ಯುಜಿಸಿ ಕೊಡತಿತ್ತು?

ಲಿಂಗಸುಗೂರಾಕಿ: ನಮ್ಮ ಮನಿಯೋರಿಗೆ ಅದ ಒಳ್ಳೇ ನೆಪ ಆಗೈತಿ. 'ನನಗ ಟಿಕೆಟ್ ಬೀಳತೈತಿ, ನೀನ ಹೋಗಿ ಬಾ' ಅಂತಾರ. ಅದ ಟಿಕೆಟ್ ರೊಕ್ಕಕ್ಕ ಸಂಜಿಗೆ ಮಿರ್ಚಿ ತಿಂತಾರ.

ಸಿಂಧನೂರಾಕಿ: ಮಾವಾರಿಗೂ ಒಂದು ಗೆರಿ ಹೊಡೀರಿ ರಜಿಸ್ಟರಿನಾಗ. ಅಲ್ಲಾ, ಇಷ್ಟೆಲ್ಲಾ ಮಾಡಿ ಅಕಿ ಓದೂದಾದ್ರೂ ಏನ್ರಿ?

ಲಿಂಗಸುಗೂರಾಕಿ: ಇದ ಮಸ್ಕೀನ! ಹಟ್ಟಿ ಕಡೆ ಬಂಗಾರ ತಗೀತಾರಲ್ರಿ, ಹಂಗ 1915ರಾಗ ಬೀಡನ್ ಅನ್ನೋ ಬಂಗಾರದ ಗಣಿ ಇಂಜಿನಿಯರ್‌ಗ ಇಲ್ಲೆ ಬಂಡಿ ಮ್ಯಾಲ ಶಾಸನ ಸಿಕ್ತು. ಬ್ಯಾರೆ ಕಡೆ ಬರೇ 'ದೇವಾನಾಂಪ್ರಿಯ' ಅಂತಿತ್ತು. ಇದರಾಗ ಅಶೋಕ ಅಂತ ಹೆಸರ ಐತಿ. ಆ ರಾಜನ ಇಂವ ಅಂತ ಖಾತ್ರಿ ಆಗಿದ್ದು ಈ ಊರಿನಿಂದ.

ಸಿಂಧನೂರಾಕಿ: ಹಾದಿಗೆ ಗಿಡ ಹಚ್ಚಿಸಿದ, ಬಾವಿ ತೋಡಿಸಿದ ಅಂತ ಸಾಲ್ಯಾಗ ನಾವೂ ಓದೀವಿ. ಓದೋ ಹೆಣ್ಮಕ್ಕಳ ಕೂಸಿಗೆ ತೊಟ್ಲಾ ಕಟ್ಟಿಸಿದ ಅಂತ ಎಲ್ಲ್ಯಾರ ಬರದಾನೇನು, ಬಂಡಿ ಹಿಂದ ನೋಡಾಕ ಹೇಳ್ರಿ.

ಲಿಂಗಸುಗೂರಾಕಿ: ಅದು ಸಿಕ್ರ ಅಕಿಗೆ ಎರಡು ಡಾಕ್ಟರೇಟ್ ಕೊಡಬೇಕಾಗತೈತಿ.

ಕಂಡಕ್ಟರ್: ಯಾರ್ರೀ ಸಿಂಧನೂರ್, ಸಿಂಧನೂರ್! ಯಮ್ಮಾ, ಈ ಅಕ್ಕಿ ಚೀಲ ನಿಮ್ಮದೇನು? ಲಗೇಜ್ ಟಿಕೆಟ್ ಆಗತೈತಿ.

ಸಿಂಧನೂರಾಕಿ: ಅದು ಇಳಿಸಿದ್ದಪ್ಪ, ಲಿಂಗಸೂರಿಗೆ ಹೋಗೋದು. ಬೀಗರ, ಹೊಸ ಸೋನಾ ಮಸೂರಿ, ತಗೊಂಡು ಹೋಗ್ರಿ.

ಲಿಂಗಸುಗೂರಾಕಿ: ನನಗ ಜೀರೋ ಟಿಕೆಟ್, ಕೂಸಿಗೆ ಪುಕ್ಕಟ, ಅಕ್ಕಿಗೆ ರೊಕ್ಕ! ಇರಲಿ, ಈ ಗಂಟು ಹಿಡೀರಿ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಐತಿ. ಖಾರ ಐತಿ ಮತ್ತ, ಕೂಸಿಗೆ ಕೊಟ್ಟೀರಿ.

ಸಿಂಧನೂರಾಕಿ: (ಬಸ್ಸಿನ ಮೆಟ್ಟಿಲ ಮೇಲಿಂದ) ಒಂದು ಮಾತು ಹೇಳೂದ ಮರತೆ. ನಮ್ಮ ಸಣ್ಣ ಸೊಸಿಗೂ ಎಂ.ಎಸ್ಸಿ. ಸೀಟು ಸಿಕ್ಕೈತ್ರಿ.

ಲಿಂಗಸುಗೂರಾಕಿ: ಬಾಳ ಸಂತೋಷ ಅಕ್ಕಾರ! ಅಕಿಗೆ ಈಗ ಎಷ್ಟು ತಿಂಗಳು?

ಸಿಂಧನೂರಾಕಿ: ಏಳು.

ಲಿಂಗಸುಗೂರಾಕಿ: ತವರುಮನಿ ಯಾವೂರು ಅಂದ್ರಿ?

ಸಿಂಧನೂರಾಕಿ: ಮಾನ್ವಿ.

ಲಿಂಗಸುಗೂರಾಕಿ: ಹಂಗಾದ್ರ ಆ ಕೂಸಿಂದು ನಡುವಿನ ಪೋತ್ನಾಳದಾಗ ಇಟ್ಟಗೋರಿ. ಸೋಮವಾರ ಮಾತ್ರ ಬ್ಯಾಡ, ಅವತ್ತು ಮಸ್ಕ್ಯಾಗ ನಮ್ಮದೈತಿ!